ಗರ್ಭಸ್ಥ ಜೀವಿಯ ಮೇಲೆ ಶ್ರವಣಾತೀತ ಧ್ವನಿಯ ಕಾವು ಮತ್ತು ಎಳೆಯ ರಕ್ತ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಎಂಬ ಊರುಗಳನ್ನು ಒಳಗೊಂಡ ಪ್ರದೇಶವು, ಚಿಂಚೋಳಿಯ ಕಾಡುಗುಡ್ಡಗಳನ್ನು ಬಿಟ್ಟರೆ, ಬಹುಮಟ್ಟಿಗೆ ಸುಣ್ಣಕಲ್ಲಿನ ಸೀಮೆ. ಶಹಾಬಾದಿನ ಹೆಸರನ್ನೇ ಹೊತ್ತ ಹಾಸುಗಲ್ಲು ದೇಶದ ಎಲ್ಲೆಡೆಗೂ ಹೋಗಿದೆ. ವಾಡಿಯ ಮತ್ತು ಸೇಡಂ ಕಡೆಯ ಸಿಮೆಂಟು ಕಾರ್ಖಾನೆಗಳಿಗೆ ಆಧಾರವಾಗಿರುವುದೂ ಇದೇ ಕಲ್ಲು. ಮೇ ತಿಂಗಳಲ್ಲಿ ಇಲ್ಲಿ ಹಗಲಿನ ಉಷ್ಣತೆ ೪೨ ಡಿಗ್ರಿಯನ್ನು ದಾಟುವುದು ಅಪೂರ್ವವೇನಲ್ಲ. ಈ ಬಿಸಿಲಿನಲ್ಲಿಯೇ ಕಲ್ಲುಗಣಿಯ ಕೆಲಸವೂ ನಡೆಯುತ್ತದೆ, ಕುರಿ ಆಡುಗಳ ಮೇವೂ ನಡೆಯುತ್ತದೆ, ಬಸುರಿಯರ ದಿನಗಳೂ ಕಳೆಯುತ್ತವೆ.

ಇಂತಹ ಸೀಮೆಯ ವಿದ್ಯಾರ್ಥಿಯು ಒಂದು ಪ್ರಶ್ನೆಯನ್ನು ಕೇಳುವುದು ಸಹಜ. ಗರ್ಭಿಣಿಯರ ಪರೀಕ್ಷೆಗೆ ಈಗ ತಾಲ್ಲೂಕು ಕೇಂದ್ರಗಳಲ್ಲಿಯೂ ಬಳಕೆಯಲ್ಲಿರುವ ಸ್ಕ್ಯಾನಿಂಗ್ ಯಂತ್ರವು ಶ್ರವಣಾತೀತ ಧ್ವನಿಯನ್ನು ಗರ್ಭದೊಳಕ್ಕೆ ಕಳುಹಿಸುತ್ತದೆ. ಧ್ವನಿಯು ಹೀರಲ್ಪಟ್ಟಲ್ಲೆಲ್ಲ ಉಷ್ಣವಾಗುತ್ತದೆ. ಹಾಗಾದರೆ ಆ ಉಷ್ಣವು ಹುಟ್ಟಲಿರುವ ಜೀವಿಯ ರಕ್ತವನ್ನು ಕೆಡಿಸಬಲ್ಲದೆ? ರಕ್ತಹೀನತೆಯು ಮನೆಮನೆಯ ಮಾತಾಗಿರುವ ನಾಡಿನಲ್ಲಿ ಈ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಭಯದಿಂದ ಉತ್ತರಿಸುವಂತೆಯೂ ಇಲ್ಲ. ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಿಂದ ತಿಳಿದುಬಂದಿರುವುದೇನು, ಅದರಿಂದ ಮನುಷ್ಯನ ವಿಷಯದಲ್ಲಿ ಎಷ್ಟನ್ನು ಊಹಿಸಬಹುದು ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಈ ಪ್ರಯೋಗಗಳಲ್ಲಿ ಗಣ್ಯವಾದ ಕೆಲವು ನಮ್ಮ ನಾಡಿನ ಮಣಿಪಾಲದಲ್ಲಿಯೇ ನಡೆದುವೆಂಬುದು ಗಮನಾರ್ಹ.

ಧ್ವನಿಯು ಕಾವಾಗುವ ಬಗೆ

ಮನುಷ್ಯನ ಕಿವಿಗೆ ಕೇಳುವ ಧ್ವನಿಯು ಸೆಕೆಂಡಿಗೆ ಸುಮಾರು ೨೦ ಸಾವಿರ ಕಂಪನಗಳವರೆಗೆ ಮಾತ್ರ. ಅದಕ್ಕೆ ಮೇಲ್ಪಟ್ಟುದು ಶ್ರವಣಾತೀತ ಧ್ವನಿ. ಕೆಲವು ಹರಳುಗಳನ್ನು ಒತ್ತಿದಾಗ ಅವುಗಳ ಮೇಲೆ ವಿದ್ಯುತ್ತು ತೋರುತ್ತದೆಂಬುದನ್ನು ಪಿಯರ್ ಕ್ಯೂರಿ ಮತ್ತು ಜಾಕ್ ಕ್ಯೂರಿ ಸೋದರರು ೧೮೮೦ರಲ್ಲಿ ಕಂಡರು. ಇದರ ವಿಪರ್ಯಯವಾಗಿ, ಅಂತಹ ಹರಳಿಗೆ ವಿದ್ಯುತ್ತನ್ನು ಕೊಟ್ಟರೆ ಅದು ಕಂಪಿಸಿ ಧ್ವನಿಯನ್ನು ಹೊರಡಿಸುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪಾಲ್ ಲಾಂಜೆವಿನ್ ಈ ಗುಣವನ್ನು ಬಳಸಿ ನೀರಿನೊಳಗೆ ಪ್ರಬಲವಾದ ಧ್ವನಿಯನ್ನು ಕಳುಹಿಸಿದಾಗ, ದಾರಿಗೆ ಬಂದ ಸಣ್ಣ ಮೀನುಗಳು ಸತ್ತುದನ್ನು ಕಂಡನು. ೧೯೨೭ರಲ್ಲಿ ಅಮೆರಿಕದ ವುಡ್ ಮತ್ತು ಲೂಮಿಸ್ ಎಂಬವರು ಇಂತಹ ಧ್ವನಿಯ ಜೈವಿಕ ಪರಿಣಾಮಗಳನ್ನು ಕ್ರಮವಾಗಿ ವರ್ಣಿಸಿದರು. ಉಪ್ಪುನೀರಿನಲ್ಲಿ ತೇಲಿಬಿಟ್ಟ ಕೆಂಪು ರಕ್ತಕಣಗಳು ಅದರಿಂದ ಒಡೆದುಹೋದುವೆಂಬುದು ಅವರು ಕಂಡ ಸಂಗತಿಗಳಲ್ಲೊಂದು. ಹೀಗೆ ಶ್ರವಣಾತೀತ ಧ್ವನಿಗೂ ರಕ್ತಕ್ಕೂ ಇರುವ ಸಂಬಂಧದ ವಿಚಾರವು ವೈದ್ಯರು ಈ ಧ್ವನಿಯನ್ನು ಕೈಗೆತ್ತಿಕೊಳ್ಳುವುದಕ್ಕೆ ಮೊದಲೇ ಆರಂಭವಾಗಿತ್ತು.

ಧ್ವನಿಯ ಈ ಅಧ್ಯಯನದಲ್ಲಿ ಬೆಂಗಳೂರಿನ ಪಾಲೂ ಇದೆ. ದ್ರವದಲ್ಲಿ ಸಂಚರಿಸುವ ಶ್ರವಣಾತೀತ ತರಂಗಗಳು ಬೆಳಕನ್ನು ಹೇಗೆ ಚದರಿಸುತ್ತವೆಂಬುದನ್ನು ಸರ್ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ ಅವರು ೧೯೩೫-೩೬ರಲ್ಲಿ ಪ್ರಕಟವಾದ ಲೇಖನಮಾಲೆಯಲ್ಲಿ ವಿವರಿಸಿದರು. ಕಣ್ಣಿಗೆ ಕಾಣದ ಧ್ವನಿಕ್ಷೇತ್ರವನ್ನು ಬೆಳಕಿನ ನೆರವಿನಿಂದ ಅಳೆಯುವ ವಿಧಾನಗಳಿಗೆ ಆ ಸಿದ್ಧಾಂತವು ಇಂದಿಗೂ ತಳಹದಿ. ೧೯೫೮ರಲ್ಲಿ ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಅವರ ಸಹೋದ್ಯೋಗಿಗಳು ಧ್ವನಿಯ ಮರುದನಿಯಿಂದ ಹೊಟ್ಟೆಯೊಳಗಿನ ಗೆಡ್ಡೆಗಳನ್ನೂ ಗರ್ಭವನ್ನೂ ಚಿತ್ರಿಸಬಹುದೆಂದು ತೋರಿಸಿದ ಮೇಲೆ ಪ್ರಸೂತಿಶಾಸ್ತ್ರದಲ್ಲಿ ಇದರ ಬಳಕೆ ಹಬ್ಬಿತು.

ಗರ್ಭಪರೀಕ್ಷೆಗೆ ಸಾಮಾನ್ಯವಾಗಿ ಬಳಸುವ ಧ್ವನಿಯ ಆವೃತ್ತಿ ೩.೫ ಮೆಗಾಹರ್ಟ್ಸ್, ಎಂದರೆ ಸೆಕೆಂಡಿಗೆ ೩೫ ಲಕ್ಷ ಕಂಪನಗಳು, ಎಂದು ಇಟ್ಟುಕೊಳ್ಳೋಣ. ದೇಹದ ಮೃದು ಊತಕದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೧೫೪೦ ಮೀಟರು. ಆದುದರಿಂದ ಒಂದು ತರಂಗದ ಉದ್ದ ೦.೪೪ ಮಿಲಿಮೀಟರು ಮಾತ್ರ. ಚಿತ್ರವು ಸೂಕ್ಷ್ಮವಾಗಿ ಮೂಡುವುದಕ್ಕೆ ಇದೇ ಕಾರಣ. ಆದರೆ ತರಂಗವು ಊತಕದ ಮೂಲಕ ಸಾಗುವಾಗ ಅದರ ಶಕ್ತಿಯ ಒಂದಂಶವು ಅಲ್ಲಲ್ಲಿಯೇ ಹೀರಲ್ಪಟ್ಟು ಉಷ್ಣರೂಪವನ್ನು ತಾಳುತ್ತದೆ. ಈ ಹೀರಿಕೆಯು ಆವೃತ್ತಿಯೊಡನೆ ಹೆಚ್ಚುತ್ತದೆ. ನೀರಿನಲ್ಲಿ ಅತ್ಯಲ್ಪ, ಮಾಂಸದಲ್ಲಿ ಮಿತ, ಮೂಳೆಯಲ್ಲಿ ಮಾಂಸದ ಹಲವು ಪಟ್ಟು.

ಒಂದು ಸ್ಥೂಲವಾದ ಲೆಕ್ಕದಿಂದ ವಿಷಯವು ಸ್ಪಷ್ಟವಾಗುವುದು. ಊತಕದ ಒಂದೆಡೆಯಲ್ಲಿ ಧ್ವನಿಯ ಸರಾಸರಿ ತೀವ್ರತೆ ಚದರ ಸೆಂಟಿಮೀಟರಿಗೆ ೧೦೦ ಮಿಲಿವಾಟ್ ಇರಲಿ. ೩.೫ ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಮೃದು ಊತಕವು ಒಂದು ಸೆಂಟಿಮೀಟರಿನ ದಾರಿಯಲ್ಲಿ ಈ ಶಕ್ತಿಯ ಮೂರನೆಯ ಒಂದು ಭಾಗದಷ್ಟನ್ನು ತಡೆಯುತ್ತದೆ. ಅಷ್ಟೂ ಉಷ್ಣವಾದರೆ, ಊತಕದ ಉಷ್ಣಧಾರಣೆ ನೀರಿನದಕ್ಕೆ ಸಮೀಪವಾದುದರಿಂದ, ಉಷ್ಣತೆಯು ಸೆಕೆಂಡಿಗೆ ಒಂದು ಡಿಗ್ರಿಯ ನೂರನೆಯ ಒಂದು ಭಾಗದಷ್ಟು ಏರಬೇಕು. ನಿಮಿಷಕ್ಕೆ ಅರ್ಧ ಡಿಗ್ರಿಗೆ ಮೇಲೆ. ಆದರೆ ಈ ಏರಿಕೆ ಹೀಗೆಯೇ ಮುಂದುವರಿಯುವುದಿಲ್ಲ. ಉಷ್ಣವು ಅಕ್ಕಪಕ್ಕಕ್ಕೆ ಹರಿದುಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಹರಿಯುವ ರಕ್ತವು ಅದನ್ನು ಕೊಂಡೊಯ್ಯುತ್ತದೆ. ಪರೀಕ್ಷಿಸುವವರ ಕೈ ಸರಿದಂತೆಲ್ಲ ಧ್ವನಿಯ ಕಿರಣವೂ ಸ್ಥಳ ಬದಲಿಸುತ್ತದೆ. ಒಂದೇ ಎಡೆಯಲ್ಲಿ ನಿಂತ ಕಿರಣವೂ, ದಾರಿಯಲ್ಲಿ ಮೂಳೆಯೂ, ಮಂದವಾದ ರಕ್ತಸಂಚಾರವೂ ಕೂಡಿದಾಗ ಮಾತ್ರ ಕಾವು ಗಣನೀಯವಾಗಿ ಏರುತ್ತದೆ. ರಕ್ತವು ಇಲ್ಲಿ ಎರಡು ಪಾತ್ರಗಳನ್ನು ವಹಿಸುತ್ತದೆಂಬುದನ್ನು ನೆನಪಿಡತಕ್ಕದ್ದು: ಕಾವನ್ನು ಒಯ್ದು ತಂಪು ಮಾಡುವುದೂ ಅದೇ, ಕಾವಿನಿಂದ ಕೆಡಬಹುದೆಂದು ನಾವು ಶಂಕಿಸುತ್ತಿರುವುದೂ ಅದೇ.

ಗರ್ಭದಲ್ಲಿ ರಕ್ತವು ಹುಟ್ಟುವ ಸ್ಥಾನಗಳು

ಹುಟ್ಟಿದ ಮೇಲೆ ರಕ್ತಕಣಗಳ ತವರು ಅಸ್ಥಿಮಜ್ಜೆ. ಗರ್ಭದಲ್ಲಿ ಹಾಗಲ್ಲ. ಮನುಷ್ಯ ಭ್ರೂಣದಲ್ಲಿ ಮೊದಲ ರಕ್ತಕಣಗಳು ಮೂರನೆಯ ವಾರದಲ್ಲಿ, ಭ್ರೂಣಕ್ಕೆ ಅಂಟಿಕೊಂಡಿರುವ ಪೀತಚೀಲದ ಗೋಡೆಯಲ್ಲಿ ಹುಟ್ಟುತ್ತವೆ. ಸುಮಾರು ಆರನೆಯ ವಾರದಿಂದ ಈ ಕೆಲಸವನ್ನು ಯಕೃತ್ತು ವಹಿಸಿಕೊಳ್ಳುತ್ತದೆ. ಮಜ್ಜೆಯಲ್ಲಿ ರಕ್ತೋತ್ಪತ್ತಿಯು ಮೂರನೆಯ ತಿಂಗಳಲ್ಲಿ ಮೊದಲಾಗಿ, ಗರ್ಭದ ಕೊನೆಯ ಮೂರು ತಿಂಗಳಲ್ಲಿ ಪ್ರಧಾನವಾಗುತ್ತದೆ. ಸುಂಡಿಲಿಯ ಗರ್ಭಾವಧಿ ೧೯-೨೦ ದಿನಗಳು ಮಾತ್ರವಾದುದರಿಂದ ಇದೇ ಯಾತ್ರೆಯು ಅಲ್ಲಿ ದಿನಗಳ ಲೆಕ್ಕದಲ್ಲಿ ಮುಗಿಯುತ್ತದೆ: ಏಳನೆಯ ದಿನದ ಸುಮಾರಿಗೆ ಪೀತಚೀಲ, ಹತ್ತು ಹನ್ನೊಂದನೆಯ ದಿನದಿಂದ ಯಕೃತ್ತು, ಗರ್ಭಾವಧಿಯ ಕೊನೆಯ ಕೆಲವು ದಿನಗಳಲ್ಲಿ ಮಜ್ಜೆ.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಮೊದಲನೆಯದು, ರಕ್ತವನ್ನು ಹುಟ್ಟಿಸುವ ಜೀವಕೋಶಗಳು ಎಡೆಬಿಡದೆ ವಿಭಜನೆ ಹೊಂದುತ್ತಿರುತ್ತವೆ. ವಿಭಜನೆಯಲ್ಲಿರುವ ಕೋಶವು ಉಷ್ಣಕ್ಕೆ ಸುಲಭವಾಗಿ ತುತ್ತಾಗುತ್ತದೆ. ಎರಡನೆಯದು, ಗರ್ಭದ ಉತ್ತರಾರ್ಧದಲ್ಲಿ ರಕ್ತದ ಉತ್ಪತ್ತಿಸ್ಥಾನವು ಮೂಳೆಯೊಳಗೆ ಸೇರುತ್ತದೆ. ಆ ಹೊತ್ತಿಗೆ ಮೂಳೆಗೆ ಸುಣ್ಣ ಸೇರಿ ಅದು ಗಟ್ಟಿಯಾಗುತ್ತಿರುತ್ತದೆ. ಧ್ವನಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಹೀರಿ ಕಾಯುವುದು ಮೂಳೆಯೇ ಎಂದು ಮೇಲೆ ಹೇಳಿದೆ. ಹೀಗೆ, ಪಾಕಶಾಲೆಯು ಒಲೆಯ ಪಕ್ಕಕ್ಕೇ ಬಂದಂತಾಗುತ್ತದೆ. ಆದುದರಿಂದ ಶ್ರವಣಾತೀತ ಧ್ವನಿಯ ಕಾವಿನಿಂದ ರಕ್ತಕ್ಕೆ ತೊಂದರೆಯಾಗುವುದಾದರೆ ಅದು ಹರಿಯುವ ರಕ್ತಕ್ಕಿಂತ ಮೊದಲು ಮಜ್ಜೆಯಲ್ಲಿ ಕಾಣಿಸಬೇಕೆಂದು ನಿರೀಕ್ಷಿಸಬಹುದು.

ಮಜ್ಜೆಯ ಉತ್ಪತ್ತಿಯು ಕೆಲಕಾಲ ತಗ್ಗಿದರೆ ಯಾವ ಕಣಗಳು ಮೊದಲು ಕಡಮೆಯಾಗುವುವು ಎಂಬುದನ್ನೂ ಊಹಿಸಬಹುದು. ಮನುಷ್ಯನ ಕೆಂಪು ಕಣದ ಆಯುಸ್ಸು ಸುಮಾರು ೧೨೦ ದಿನಗಳು. ನ್ಯೂಟ್ರೋಫಿಲ್ ಎಂಬ ಬಿಳಿಯ ಕಣವಾದರೋ ರಕ್ತದಲ್ಲಿ ಇರುವುದು ಬಹಳವಾದರೆ ಕೆಲವು ದಿನಗಳು ಮಾತ್ರ. ಕಣಜಕ್ಕೆ ಬರುವ ಕಾಳು ನಿಂತರೆ, ದಿನವೂ ಖರ್ಚಾಗುವ ಕಾಳೇ ಮೊದಲು ಮುಗಿಯುವುದಲ್ಲವೆ? ಅಂತೆಯೇ ಬಿಳಿಯ ಕಣಗಳ ಎಣಿಕೆಯು ಮೊದಲು ಇಳಿಯಬೇಕು. ಕೆಂಪು ಕಣಗಳಲ್ಲಿ ವ್ಯತ್ಯಾಸವು ಕಾಣಿಸದೆಯೂ ಇರಬಹುದು.

ಮಣಿಪಾಲದ ಪ್ರಯೋಗಗಳು

ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಪಿ. ಉಮಾದೇವಿ ಮತ್ತು ಎಂ. ಪ್ರಕಾಶ್ ಹಂದೆ ಅವರು ೧೯೯೦ರ ದಶಕದ ಆರಂಭದಲ್ಲಿ ಈ ವಿಷಯವನ್ನು ಕೈಗೊಂಡರು. ೧೯೯೨ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗರ್ಭ ಧರಿಸಿದ ಸ್ವಿಸ್ ತಳಿಯ ಬಿಳಿ ಇಲಿಗಳಿಗೆ ೩.೫ ಮೆಗಾಹರ್ಟ್ಸ್ ಆವೃತ್ತಿಯ, ರೋಗಪರೀಕ್ಷೆಯಲ್ಲಿ ಬಳಸುವ ಮಟ್ಟದ ಶ್ರವಣಾತೀತ ಧ್ವನಿಯನ್ನು ೧೦ ನಿಮಿಷಗಳ ಕಾಲ ಕೊಡಲಾಯಿತು. ಒಂದು ತಂಡಕ್ಕೆ ಗರ್ಭದ ಮೂರೂವರೆ ದಿನದಲ್ಲಿ, ಎಂದರೆ ಭ್ರೂಣವು ಗರ್ಭಕೋಶಕ್ಕೆ ನೆಲೆಗೊಳ್ಳುವ ಮುನ್ನ. ಇನ್ನೊಂದಕ್ಕೆ ಆರೂವರೆ ದಿನದಲ್ಲಿ, ಅಂಗಗಳು ರೂಪುಗೊಳ್ಳಲು ತೊಡಗುವಾಗ. ಮತ್ತೊಂದಕ್ಕೆ ಹನ್ನೊಂದೂವರೆ ದಿನದಲ್ಲಿ. ತುಲನೆಗಾಗಿ ಇಟ್ಟ ಇಲಿಗಳನ್ನು ಇದೇ ರೀತಿ ಹಿಡಿದು ಇರಿಸಿ, ಧ್ವನಿಯನ್ನು ಮಾತ್ರ ಕೊಡದೆ ಬಿಡಲಾಯಿತು. ಹದಿನೆಂಟನೆಯ ದಿನ ಗರ್ಭಸ್ಥ ಮರಿಗಳನ್ನು ತೆಗೆದು ಅಳೆಯಲಾಯಿತು.

ಮೂರೂವರೆ ದಿನದಲ್ಲಿ ಧ್ವನಿಗೆ ಒಳಗಾದ ತಂಡದಲ್ಲಿ ಗರ್ಭದೊಳಗೇ ಕರಗಿಹೋದ ಭ್ರೂಣಗಳ ಪ್ರಮಾಣವು ಸ್ವಲ್ಪ ಹೆಚ್ಚಿತು; ಉಳಿದ ಮರಿಗಳ ತೂಕವು ಎದ್ದು ಕಾಣುವಷ್ಟು ಕಡಮೆಯಾಯಿತು. ಆರೂವರೆ ದಿನದ ತಂಡದಲ್ಲಿ ತೂಕ ಕಡಮೆಯಾದುದಲ್ಲದೆ ಬೆಳವಣಿಗೆ ಕುಂಠಿತವಾದ ಮರಿಗಳ ಸಂಖ್ಯೆಯೂ ಏರಿತು. ಮುಖ್ಯವಾದ ಬದಲಾವಣೆಗಳು ಕಂಡುದು ಈ ಎರಡು ಹಂತಗಳಲ್ಲಿ. ೧೯೯೫ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ಹದಿನಾಲ್ಕೂವರೆ ದಿನದ ಗರ್ಭಕ್ಕೆ ೧೦, ೨೦ ಮತ್ತು ೩೦ ನಿಮಿಷಗಳ ಕಾಲ ಧ್ವನಿಯನ್ನು ಕೊಟ್ಟು, ಹುಟ್ಟಿದ ಮರಿಗಳು ಬೆಳೆದು ದೊಡ್ಡವಾದ ಮೇಲೆ ಅವುಗಳ ನಡವಳಿಕೆಯನ್ನು ಪರೀಕ್ಷಿಸಲಾಯಿತು. ಅವುಗಳ ಓಡಾಟವೂ ಹೊಸ ಸ್ಥಳವನ್ನು ಶೋಧಿಸುವ ಚಟುವಟಿಕೆಯೂ ತಗ್ಗಿದ್ದುವು. ಕಲಿಯುವುದಕ್ಕೆ ಹೆಚ್ಚು ಸಲದ ಪ್ರಯತ್ನ ಬೇಕಾಗುತ್ತಿತ್ತು.

ಈ ಪ್ರಯೋಗಗಳು ತೂಕವನ್ನೂ ನಡತೆಯನ್ನೂ ಅಳೆದುವೇ ಹೊರತು ರಕ್ತಕಣಗಳನ್ನು ಎಣಿಸಲಿಲ್ಲ. ಆದರೂ ನಮ್ಮ ವಿಷಯಕ್ಕೆ ಇವು ಅವಶ್ಯವಾದ ಪೀಠಿಕೆ. ಒಂದೇ ಪ್ರಮಾಣದ ಧ್ವನಿಯು ಗರ್ಭದ ಬೇರೆ ಬೇರೆ ದಿನಗಳಲ್ಲಿ ಬೇರೆ ಬೇರೆ ಫಲವನ್ನು ಕೊಡುತ್ತದೆಂಬುದನ್ನು ಇವು ತೋರಿಸಿಕೊಟ್ಟುವು. ಮೂರೂವರೆ ದಿನದಲ್ಲಿ ಇಲಿಯ ಭ್ರೂಣಕ್ಕೆ ರಕ್ತವೇ ಇಲ್ಲ; ಆರೂವರೆ ದಿನವು ಮೊದಲ ರಕ್ತಕಣಗಳ ಹೊಸ್ತಿಲು; ಹನ್ನೊಂದೂವರೆ ಮತ್ತು ಹದಿನಾಲ್ಕೂವರೆ ದಿನಗಳು ಯಕೃತ್ತಿನ ರಕ್ತೋತ್ಪತ್ತಿಯ ಕಾಲ. ಇದೇ ದಿನಗಳ ಕ್ರಮವನ್ನು ಇಟ್ಟುಕೊಂಡು, ಹುಟ್ಟಿದ ಮರಿಗಳ ರಕ್ತವನ್ನು ವಾರವಾರವೂ ಪರೀಕ್ಷಿಸಿದರೆ ರಕ್ತದ ಪ್ರಶ್ನೆಗೆ ನೇರವಾದ ಉತ್ತರ ದೊರೆಯಬಲ್ಲದು.

ಕೋತಿಮರಿಗಳ ರಕ್ತ

ರಕ್ತವನ್ನೇ ಎಣಿಸಿದ ಪ್ರಯೋಗವೆಂದರೆ ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದಲ್ಲಿ ಆಲಿಸ್ ಟ್ಯಾರಂಟಲ್ ಮತ್ತು ಆಂಡ್ರೂ ಹೆಂಡ್ರಿಕ್ಸ್ ಅವರು ಕೋತಿಗಳ ಮೇಲೆ ನಡೆಸಿದುದು. ಇದರ ಫಲಿತಾಂಶಗಳು ೧೯೮೯ರಲ್ಲಿಯೂ ೧೯೯೩ರಲ್ಲಿಯೂ ಪ್ರಕಟವಾದುವು. ಈ ಜಾತಿಯ ಕೋತಿಯ ಗರ್ಭಾವಧಿ ಐದೂವರೆ ತಿಂಗಳಿಗೆ ಸಮೀಪ. ಗರ್ಭದ ಮೊದಲ ವಾರಗಳಿಂದ ಕೊನೆಯವರೆಗೂ ಪದೇ ಪದೇ, ಮನುಷ್ಯರಲ್ಲಿ ನಡೆಸುವುದಕ್ಕಿಂತ ಬಹಳ ಹೆಚ್ಚು ಸಲ, ಸ್ಕ್ಯಾನ್ ನಡೆಸಲಾಯಿತು. ಧ್ವನಿಗೆ ಒಳಗಾದ ಮರಿಗಳ ಹುಟ್ಟುತೂಕವು ತುಲನೆಯ ಮರಿಗಳಿಗಿಂತ ಕಡಮೆಯಿತ್ತು. ಅವುಗಳ ರಕ್ತದಲ್ಲಿ ಬಿಳಿಯ ಕಣಗಳ ಎಣಿಕೆಯೂ ಕಡಮೆಯಿತ್ತು. ಮುಂದಿನ ಅಧ್ಯಯನದಲ್ಲಿ ಈ ಇಳಿತವು ವಿಶೇಷವಾಗಿ ನ್ಯೂಟ್ರೋಫಿಲ್ ಮತ್ತು ಮಾನೋಸೈಟ್ ಎಂಬ ಕಣಗಳಿಗೆ ಸಂಬಂಧಿಸಿದುದೆಂದು ತಿಳಿದುಬಂತು. ಎರಡೂ ಒಂದೇ ಮೂಲದಿಂದ ಮಜ್ಜೆಯಲ್ಲಿ ಹುಟ್ಟುವ, ರಕ್ತದಲ್ಲಿ ಬಹುಕಾಲ ನಿಲ್ಲದ ಕಣಗಳು. ಮೇಲೆ ನಾವು ಊಹಿಸಿದುದಕ್ಕೂ ಕಂಡುಬಂದುದಕ್ಕೂ ಇಲ್ಲಿ ಹೊಂದಿಕೆಯಿದೆ.

ಇದಕ್ಕಿಂತ ಮುಖ್ಯವಾದ ಅಂಶವೆಂದರೆ ಈ ವ್ಯತ್ಯಾಸಗಳು ತಾತ್ಕಾಲಿಕವಾಗಿದ್ದುವು. ಮರಿಗಳು ಬೆಳೆದಂತೆ ತೂಕದ ಅಂತರವೂ ರಕ್ತದ ಅಂತರವೂ ಅಳಿದುಹೋದುವು. ಮೂಲಕೋಶಗಳೇ ನಾಶವಾಗಿದ್ದರೆ ಹೀಗಾಗುತ್ತಿರಲಿಲ್ಲ. ಆದುದರಿಂದ ಬಾವಿಯ ಸೆಲೆ ಬತ್ತಿರಲಿಲ್ಲ, ಕೆಲಕಾಲ ನೀರು ತಗ್ಗಿತ್ತು ಎಂದು ತಿಳಿಯಬಹುದು.

ಇಲ್ಲಿ ವಿದ್ಯಾರ್ಥಿಯು ಒಂದು ಆಕ್ಷೇಪವನ್ನು ಎತ್ತಬೇಕು. ಪ್ರಾಣಿಯನ್ನು ಹಿಡಿದು ಕಟ್ಟುವುದರಿಂದಲೇ ಅದಕ್ಕೆ ಭಯವುಂಟಾಗುತ್ತದೆ. ಭಯದಿಂದ ಹುಟ್ಟುವ ಅಂತಃಸ್ರಾವಗಳು ಬಿಳಿಯ ಕಣಗಳ ಎಣಿಕೆಯನ್ನು ಬದಲಿಸುತ್ತವೆ. ಹಾಗಾದರೆ ಕಂಡ ಫಲವು ಧ್ವನಿಯದೋ, ಭಯದ್ದೋ? ಧ್ವನಿಯನ್ನು ಮಾತ್ರ ಕೊಡದೆ ಉಳಿದೆಲ್ಲವನ್ನೂ ಮಾಡಿದ ಹುಸಿಪ್ರಯೋಗದ ತಂಡವು ಈ ಸಂಶಯಕ್ಕೆಂದೇ ಇರುವುದು. ಇನ್ನೊಂದು ಸೂಚನೆಯೂ ಉಂಟು: ಭಯದ ಅಂತಃಸ್ರಾವಗಳು ಸಾಮಾನ್ಯವಾಗಿ ರಕ್ತದಲ್ಲಿ ನ್ಯೂಟ್ರೋಫಿಲ್‌ಗಳನ್ನು ಹೆಚ್ಚಿಸುತ್ತವೆ, ಕೋತಿಮರಿಗಳಲ್ಲಿ ಕಂಡುದು ಅವುಗಳ ಇಳಿತ.

ಕಾವೇ ಕಾರಣವೆ?

ಶ್ರವಣಾತೀತ ಧ್ವನಿಯು ದೇಹದ ಮೇಲೆ ಎರಡು ಬಗೆಯಲ್ಲಿ ವರ್ತಿಸಬಲ್ಲದು: ಕಾವಿನಿಂದ, ಮತ್ತು ಯಾಂತ್ರಿಕವಾದ ತಳ್ಳಾಟದಿಂದ. ಎರಡನೆಯದರಲ್ಲಿ ಮುಖ್ಯವಾದುದು, ಊತಕದಲ್ಲಿರುವ ಸೂಕ್ಷ್ಮವಾದ ವಾಯುಗುಳ್ಳೆಗಳು ಧ್ವನಿಯೊಡನೆ ಹಿಗ್ಗಿ ಕುಗ್ಗಿ ಪಕ್ಕದ ಕೋಶಗಳನ್ನು ಹರಿಯುವುದು. ಗರ್ಭಸ್ಥ ಶಿಶುವಿನ ಶ್ವಾಸಕೋಶದಲ್ಲಾಗಲಿ ಕರುಳಿನಲ್ಲಾಗಲಿ ವಾಯುವಿಲ್ಲ. ಆದುದರಿಂದ ಗರ್ಭದ ವಿಷಯದಲ್ಲಿ ಮೊದಲು ಸಂದೇಹಿಸಬೇಕಾದುದು ಕಾವನ್ನೇ.

ಕಾವು ತಾನಾಗಿಯೇ ಗರ್ಭಕ್ಕೆ ಕೇಡು ಮಾಡಬಲ್ಲದೆಂಬುದನ್ನು, ಧ್ವನಿಯ ಸಂಬಂಧವೇ ಇಲ್ಲದೆ, ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾನಿಲಯದ ಪಶುವೈದ್ಯ ಮಾರ್ಷಲ್ ಎಡ್ವರ್ಡ್ಸ್ ತೋರಿಸಿದರು. ೧೯೬೦ರ ದಶಕದಲ್ಲಿ ಅವರು ಗರ್ಭ ಧರಿಸಿದ ಗಿನಿಯಿಲಿಗಳನ್ನು ೪೨-೪೩ ಡಿಗ್ರಿ ಉಷ್ಣತೆಯ ಪೆಟ್ಟಿಗೆಯಲ್ಲಿ ಒಂದು ಗಂಟೆಯಷ್ಟು ಹೊತ್ತು ಇರಿಸಿದರು. ತಾಯಿಯ ಮೈಕಾವು ಮೂರು ನಾಲ್ಕು ಡಿಗ್ರಿ ಏರಿತು. ಹುಟ್ಟಿದ ಮರಿಗಳಲ್ಲಿ ಮೆದುಳು ಚಿಕ್ಕದಾಗುವುದೇ ಮೊದಲಾದ ದೋಷಗಳು ಕಂಡುವು. ಆಸ್ಟ್ರೇಲಿಯದಲ್ಲಿಯೇ ಮುಂದೆ ಸ್ಟ್ಯಾನ್ಲಿ ಬಾರ್ನೆಟ್ ಮತ್ತು ಎಡ್ವರ್ಡ್ಸ್ ಮೊದಲಾದವರು ಶ್ರವಣಾತೀತ ಧ್ವನಿಯನ್ನೇ ಬಳಸಿದರು. ಸಾಮಾನ್ಯ ಚಿತ್ರಣಕ್ಕೆ ಬೇಕಾದುದಕ್ಕಿಂತ ಬಹಳ ತೀವ್ರವಾದ ಧ್ವನಿಕಿರಣವನ್ನು ಕದಲಿಸದೆ ಹಿಡಿದಾಗ, ಬಲಿತ ಗಿನಿಯಿಲಿ ಭ್ರೂಣದ ತಲೆಬುರುಡೆಯ ಬಳಿ ಎರಡೇ ನಿಮಿಷದಲ್ಲಿ ಉಷ್ಣತೆಯು ಸುಮಾರು ೫ ಡಿಗ್ರಿ ಏರಿತು. ೧೯೯೧ರಲ್ಲಿ ಅವರು ವರದಿಮಾಡಿದ ಇನ್ನೊಂದು ಪ್ರಯೋಗದಲ್ಲಿ ಗಿನಿಯಿಲಿಯ ತೊಡೆಯೆಲುಬಿಗೆ ಧ್ವನಿಯನ್ನು ಕೊಟ್ಟಾಗ ಒಳಗಿನ ಉಷ್ಣತೆ ಏರಿದುದಲ್ಲದೆ, ಮಜ್ಜೆಯ ಕೋಶಗಳ ಕೇಂದ್ರಗಳಲ್ಲಿ ವಿಕಾರಗಳು ಕಂಡುಬಂದುವು. ಮೂಳೆ ಕಾಯುತ್ತದೆ, ಕಾದ ಮೂಳೆಯೊಳಗಿನ ಮಜ್ಜೆ ಕೆಡುತ್ತದೆ ಎಂಬ ನಮ್ಮ ಸರಣಿಯ ನಡುಗೊಂಡಿ ಇದು. ಆದರೆ ಕೋತಿಮರಿಗಳ ರಕ್ತದಲ್ಲಿ ಕಂಡ ಇಳಿತಕ್ಕೂ ಇದೇ ಕಾರಣವೆಂದು ನಿರ್ಣಯಿಸಲು ಇಷ್ಟು ಸಾಲದು. ಹಾಗಿರುವುದು ಸಂಭವನೀಯ ಎಂದಷ್ಟೇ ಹೇಳತಕ್ಕದ್ದು.

ಇಲಿಯಿಂದ ಮನುಷ್ಯನಿಗೆ

ಇಲಿಯಲ್ಲಿ ಕಂಡುದನ್ನು ಹಾಗೆಯೇ ಮನುಷ್ಯನಿಗೆ ಆರೋಪಿಸುವುದು ಸರಿಯಲ್ಲ. ಇಲಿಯ ಭ್ರೂಣವು ಧ್ವನಿಕಿರಣಕ್ಕಿಂತ ಚಿಕ್ಕದು. ಅದು ಇಡಿಯಾಗಿ ಕಿರಣದಲ್ಲಿ ಮುಳುಗುತ್ತದೆ. ಮನುಷ್ಯಶಿಶುವಿನ ಒಂದು ಸಣ್ಣ ಭಾಗವು ಮಾತ್ರ ಒಮ್ಮೆಗೆ ಕಿರಣಕ್ಕೆ ಸಿಕ್ಕುತ್ತದೆ. ಅದು ತಲುಪುವುದಕ್ಕೆ ಮೊದಲು ತಾಯಿಯ ಹೊಟ್ಟೆಯ ಹಲವು ಸೆಂಟಿಮೀಟರು ಊತಕವು ಶಕ್ತಿಯನ್ನು ಹೀರಿರುತ್ತದೆ. ಇಲಿಯ ಗರ್ಭದಲ್ಲಿ ೧೦ ನಿಮಿಷಗಳೆಂದರೆ, ಬೆಳವಣಿಗೆಯ ವೇಗವನ್ನು ಲೆಕ್ಕಕ್ಕೆ ಹಿಡಿದಾಗ, ಮನುಷ್ಯನಲ್ಲಿ ಎರಡು ಗಂಟೆಗಳಿಗೂ ಮೇಲೆ. ಶಿಶುವಿನ ದೇಹದಲ್ಲಿ ಒಂದು ಮೂಳೆಯ ಮಜ್ಜೆ ಕೆಲಕಾಲ ಬೆಚ್ಚಗಾದರೆ ಉಳಿದ ನೂರಾರು ಮೂಳೆಗಳ ಮಜ್ಜೆಯೂ ಯಕೃತ್ತೂ ಕೆಲಸ ನಡೆಸುತ್ತಿರುತ್ತವೆ.

ಮನುಷ್ಯರಲ್ಲಿಯೇ ನಡೆದ ಒಂದು ದೊಡ್ಡ ಪರೀಕ್ಷೆಯು ಕೋತಿಗಳ ಕಥೆಯನ್ನು ನೆನಪಿಗೆ ತರುತ್ತದೆ. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಜಾನ್ ನ್ಯೂನ್‌ಹ್ಯಾಮ್ ಮತ್ತು ಸಂಗಡಿಗರು ೨೮೩೪ ಗರ್ಭಿಣಿಯರನ್ನು ಎರಡು ತಂಡಗಳಾಗಿ ಮಾಡಿ, ಒಂದು ತಂಡಕ್ಕೆ ಒಂದು ಸಾರಿ, ಇನ್ನೊಂದಕ್ಕೆ ಐದು ಸಾರಿ ಸ್ಕ್ಯಾನ್ ನಡೆಸಿದರು. ೧೯೯೩ರ ವರದಿಯಂತೆ ಐದು ಸಾರಿಯ ತಂಡದಲ್ಲಿ ಸಣಕಲಾಗಿ ಹುಟ್ಟಿದ ಶಿಶುಗಳು ಹೆಚ್ಚಾಗಿದ್ದುವು. ಆದರೆ ೨೦೦೪ರಲ್ಲಿ, ಆ ಮಕ್ಕಳಿಗೆ ಎಂಟು ವರ್ಷ ತುಂಬುವವರೆಗಿನ ಅಧ್ಯಯನವು ಪ್ರಕಟವಾದಾಗ, ಒಂದು ವರ್ಷದ ವಯಸ್ಸಿನಿಂದಲೇ ಎರಡು ತಂಡಗಳ ಬೆಳವಣಿಗೆಯೂ ಸಮನಾಗಿತ್ತೆಂದು ತಿಳಿಯಿತು.

ಯಂತ್ರಗಳ ವಿಷಯದಲ್ಲಿ ಎಚ್ಚರಿಕೆಗೆ ಕಾರಣವಿಲ್ಲದಿಲ್ಲ. ೧೯೯೦ರ ದಶಕದ ಆರಂಭದಲ್ಲಿ ಅಮೆರಿಕದ ನಿಯಂತ್ರಣ ಮಂಡಲಿಯು ಗರ್ಭಪರೀಕ್ಷೆಗೆ ಅನುಮತಿಸುತ್ತಿದ್ದ ತೀವ್ರತೆಯ ಗರಿಷ್ಠ ಮಿತಿಯನ್ನು ಚದರ ಸೆಂಟಿಮೀಟರಿಗೆ ೯೪ ಮಿಲಿವಾಟ್‌ನಿಂದ ೭೨೦ಕ್ಕೆ ಏರಿಸಿತು. ಅದಕ್ಕೆ ಪ್ರತಿಯಾಗಿ ಯಂತ್ರದ ತೆರೆಯ ಮೇಲೆ ಉಷ್ಣಸೂಚಿಯು ಕಾಣಬೇಕೆಂದು ವಿಧಿಸಿತು. ಈ ಸೂಚಿಯು ೧ ಎಂದಿದ್ದರೆ, ಊತಕದ ಉಷ್ಣತೆ ಅತಿಯೆಂದರೆ ೧ ಡಿಗ್ರಿಯಷ್ಟು ಏರಬಹುದೆಂದು ಸ್ಥೂಲವಾಗಿ ಅರ್ಥ. ಹೀಗೆ ಎಚ್ಚರಿಕೆಯ ಹೊಣೆಯು ಯಂತ್ರದಿಂದ ಅದನ್ನು ನಡೆಸುವವರ ಕೈಗೆ ಬಂದಿತು. ೧೯೯೮ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ನಿರ್ಣಯದಂತೆ, ಉಷ್ಣತೆಯನ್ನು ೧.೫ ಡಿಗ್ರಿಗಿಂತ ಹೆಚ್ಚಿಸದ ಪರೀಕ್ಷೆಯನ್ನು ಕಾವಿನ ದೃಷ್ಟಿಯಿಂದ ನಿಶ್ಶಂಕೆಯಾಗಿ ನಡೆಸಬಹುದು. ಭ್ರೂಣದ ಉಷ್ಣತೆಯನ್ನು ೪೧ ಡಿಗ್ರಿಗೆ ಏರಿಸಿ ೫ ನಿಮಿಷ ನಿಲ್ಲಿಸುವಂತಹುದನ್ನು ಅಪಾಯಕರವೆಂದು ಭಾವಿಸತಕ್ಕದ್ದು. ಸಾಮಾನ್ಯವಾದ ಚಿತ್ರಣದಲ್ಲಿ ಸೂಚಿಯು ೧ಕ್ಕೆ ಕೆಳಗೇ ಇರುತ್ತದೆ. ರಕ್ತಪ್ರವಾಹವನ್ನು ಅಳೆಯುವ ಡಾಪ್ಲರ್ ವಿಧಾನದಲ್ಲಿ ಕಿರಣವು ಒಂದೆಡೆ ನಿಲ್ಲುವುದರಿಂದ ಅದು ಏರಬಹುದು. ಆದುದರಿಂದಲೇ ಗರ್ಭದ ಮೊದಲ ತಿಂಗಳುಗಳಲ್ಲಿ ಅಗತ್ಯವಿಲ್ಲದೆ ಡಾಪ್ಲರನ್ನು ಬಳಸಬಾರದೆಂಬ ನಿಯಮವಿದೆ.

ನಮ್ಮ ಸೀಮೆಗೆ ಇದರ ಅರ್ಥ

ಈಗ ಸೇಡಂ-ಚಿತ್ತಾಪುರಗಳ ಬಿಸಿಲಿಗೆ ಮರಳೋಣ. ಎಡ್ವರ್ಡ್ಸ್ ಅವರ ಪೆಟ್ಟಿಗೆಯ ಉಷ್ಣತೆಯೂ ಶಹಾಬಾದಿನ ಕಲ್ಲುಗಣಿಯ ಮೇ ತಿಂಗಳ ಮಧ್ಯಾಹ್ನದ ಉಷ್ಣತೆಯೂ ಹೆಚ್ಚುಕಡಮೆ ಒಂದೇ. ಗಿನಿಯಿಲಿಯು ಬೆವರಲಾರದು; ಮನುಷ್ಯನು ಬೆವರಿ ಮೈಕಾವನ್ನು ೩೭ ಡಿಗ್ರಿಯ ಸುತ್ತಲೇ ಕಾಪಾಡಿಕೊಳ್ಳುತ್ತಾನೆ. ಆದರೆ ಬೆವರಿಗೆ ನೀರು ಬೇಕು, ನೆರಳು ಬೇಕು, ಬಿಡುವು ಬೇಕು. ಇವು ಮೂರೂ ಇಲ್ಲದೆ ಕಲ್ಲು ಹೊರುವ ಬಸುರಿಯ ಮೈಕಾವು ಏರಬಲ್ಲದು. ಗರ್ಭಸ್ಥ ಶಿಶುವು ಯಾವಾಗಲೂ ತಾಯಿಗಿಂತ ಸುಮಾರು ಅರ್ಧ ಡಿಗ್ರಿ ಬಿಸಿಯಾಗಿರುತ್ತದೆ. ತನ್ನ ಕಾವಿನ ಬಹುಭಾಗವನ್ನು ಅದು ಮಾಸಿನ ಮೂಲಕ ತಾಯಿಯ ರಕ್ತಕ್ಕೆ ಒಪ್ಪಿಸಬೇಕು. ತಾಯಿಯ ಮೈಕಾವು ೩೯ಕ್ಕೆ ಏರಿದರೆ ಶಿಶುವಿನದು ಅದಕ್ಕೂ ಮೇಲೆ. ಅದೂ ಒಂದು ಸೀಮಿತ ಎಡೆಯಲ್ಲಲ್ಲ, ಇಡೀ ದೇಹದಲ್ಲಿ. ನಿಮಿಷಗಳ ಕಾಲವಲ್ಲ, ಗಂಟೆಗಟ್ಟಲೆ. ಸ್ಕ್ಯಾನಿನ ಕಾವನ್ನೂ ಬಿಸಿಲಿನ ಕಾವನ್ನೂ ತೂಗಿನೋಡಿದರೆ ಯಾವುದು ಹೆಚ್ಚು ಭಾರವೆಂಬುದು ಸ್ಪಷ್ಟ. ಎರಡೂ ಕೂಡಬಹುದೆಂಬುದನ್ನೂ ಮರೆಯಬಾರದು. ಜ್ವರವಿರುವ ಗರ್ಭಿಣಿಯ ಪರೀಕ್ಷೆಯಲ್ಲಿ ವಿಶೇಷ ಎಚ್ಚರ ವಹಿಸಬೇಕೆಂದು ಅಂತರರಾಷ್ಟ್ರೀಯ ಸಲಹೆಯ ಮಾತೇ ಇದೆ; ಬಿಸಿಲಿನಲ್ಲಿ ದೂರದಿಂದ ಬಂದು ಮೈ ಕಾದವಳನ್ನು ನೆರಳಿನಲ್ಲಿ ಕೂರಿಸಿ, ನೀರು ಕೊಟ್ಟು, ತಣಿದ ಮೇಲೆ ಪರೀಕ್ಷಿಸುವುದು ಅದೇ ತರ್ಕದ ಮುಂದುವರಿಕೆ.

ದನಗಳ ವಿಷಯದಲ್ಲಿ ಇದಕ್ಕೆ ನೇರವಾದ ನಿದರ್ಶನ ದೊರೆಯುತ್ತದೆ. ಫ್ಲಾರಿಡ ವಿಶ್ವವಿದ್ಯಾನಿಲಯದಲ್ಲಿ ಗರ್ಭದ ಕೊನೆಯ ವಾರಗಳಲ್ಲಿ ಸೆಕೆಗೆ ಒಡ್ಡಿದ ಹಸುಗಳ ಕರುಗಳನ್ನೂ, ನೀರು ಮತ್ತು ಗಾಳಿಯಿಂದ ತಂಪುಗೊಳಿಸಿದ ಹಸುಗಳ ಕರುಗಳನ್ನೂ ಹೋಲಿಸಲಾಯಿತು. ೨೦೧೨ರಲ್ಲಿ ಪ್ರಕಟವಾದ ವರದಿಯಂತೆ ಸೆಕೆಯ ಕರುಗಳ ಹುಟ್ಟುತೂಕ ಸುಮಾರು ೬ ಕಿಲೋಗ್ರಾಂ ಕಡಮೆ; ಗಿಣ್ಣುಹಾಲಿನಿಂದ ಅವುಗಳ ರಕ್ತಕ್ಕೆ ಸೇರಿದ ಪ್ರತಿಕಾಯಗಳೂ ಕಡಮೆ. ಚಿಂಚೋಳಿಯ ಕುರಿಗಾರನು ಬೇಸಿಗೆಯಲ್ಲಿ ಗಬ್ಬದ ಕುರಿಯನ್ನು ಮರದ ನೆರಳಿಗೆ ಹೊಡೆಯುವುದು ಎಳೆಯ ರಕ್ತವನ್ನು ಕಾಯುವ ಕೆಲಸವೇ ಆಗಿದೆ.

ಸ್ಕ್ಯಾನಿನ ಭಯದಿಂದ ರಕ್ತಹೀನತೆಯ ನಿಜವಾದ ಕಾರಣಗಳು ಮರೆಯಾಗುವುದು ದೊಡ್ಡ ನಷ್ಟ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ ಗರ್ಭಿಣಿಯರಲ್ಲಿ ಶೇಕಡ ೫೨.೨ ಮಂದಿಗೂ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ ೬೭.೧ ಮಂದಿಗೂ ರಕ್ತಹೀನತೆಯಿತ್ತು. ಪ್ರಾಣಿಗಳಲ್ಲಿ ಧ್ವನಿಯಿಂದ ಕಂಡುದು ಬಿಳಿಯ ಕಣಗಳ ತಾತ್ಕಾಲಿಕ ಇಳಿತ. ನಮ್ಮ ಮಕ್ಕಳಲ್ಲಿ ಕಾಣುವುದು ಹಿಮೋಗ್ಲೋಬಿನ್ನಿನ ಕೊರತೆ. ಎರಡೂ ಬೇರೆ. ಎರಡನೆಯದಕ್ಕೆ ಕಾರಣಗಳು ಕಬ್ಬಿಣಾಂಶವಿಲ್ಲದ ಊಟ, ಕೊಕ್ಕೆಹುಳು, ಪದೇ ಪದೇ ಬರುವ ಬಸುರು, ಮತ್ತು ತಾಯಿಯಿಂದಲೇ ಬಂದ ಬಡತನದ ರಕ್ತ. ಕಬ್ಬಿಣದ ಮಾತ್ರೆಯನ್ನು ಬಿಟ್ಟು ಸ್ಕ್ಯಾನನ್ನು ದೂರುವುದು, ಸೋರುವ ಮಾಳಿಗೆಯನ್ನು ಬಿಟ್ಟು ಬಾಗಿಲಿಗೆ ಅಗುಳಿ ಹಾಕಿದಂತೆ.

ಅಗತ್ಯವಾದ ಪರೀಕ್ಷೆಯಿಂದ ಲಾಭವು ದೊಡ್ಡದು. ೨೪ ವಾರ ತುಂಬುವ ಮೊದಲು ಒಂದು ಸ್ಕ್ಯಾನ್ ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೬ರಲ್ಲಿ ಸಲಹೆಯಿತ್ತಿದೆ. ಅಗತ್ಯವಿಲ್ಲದ, ಬರಿಯ ಕುತೂಹಲದ ಪರೀಕ್ಷೆಯನ್ನು ಬಿಡತಕ್ಕದ್ದು. ಭಾರತದಲ್ಲಿ ಈ ಯಂತ್ರದಿಂದ ಆದ ಅತಿ ಘೋರವಾದ ಕೇಡು ಧ್ವನಿಯ ಕಾವಿನಿಂದ ಆದುದಲ್ಲ, ಹೆಣ್ಣುಭ್ರೂಣವನ್ನು ಗುರುತಿಸಿ ಕೊಲ್ಲುವ ದುರ್ಬುದ್ಧಿಯಿಂದ ಆದುದು. ೧೯೯೪ರ ಕಾಯಿದೆಯು ಲಿಂಗವನ್ನು ತಿಳಿಸುವುದನ್ನು ನಿಷೇಧಿಸಿರುವುದು ಅದಕ್ಕಾಗಿಯೇ.

ಇಷ್ಟರಿಂದ ತೇಲುವ ನಿರ್ಣಯವಿದು. ಶ್ರವಣಾತೀತ ಧ್ವನಿಯು ಊತಕವನ್ನು ಕಾಯಿಸಬಲ್ಲದು. ಮೂಳೆಯ ಬಳಿ ಹೆಚ್ಚಾಗಿ ಕಾಯಿಸಬಲ್ಲದು. ಪದೇ ಪದೇ ಅದಕ್ಕೆ ಒಳಗಾದ ಕೋತಿಮರಿಗಳಲ್ಲಿ ಬಿಳಿಯ ರಕ್ತಕಣಗಳು ಕೆಲಕಾಲ ತಗ್ಗಿದುವು, ಮತ್ತೆ ತುಂಬಿಕೊಂಡುವು. ಮಿತವಾಗಿ, ತಿಳಿದವರ ಕೈಯಲ್ಲಿ ನಡೆಯುವ ಪರೀಕ್ಷೆಯಿಂದ ಮನುಷ್ಯಶಿಶುವಿನ ರಕ್ತಕ್ಕೆ ಕೇಡೆಂದು ಹೇಳಲು ಈ ಪ್ರಯೋಗಗಳಲ್ಲಿ ಆಧಾರವಿಲ್ಲ. ಬಿಸಿಲಿನ ಸೀಮೆಯಲ್ಲಿ ಗಬ್ಬದ ಆಡುಕುರಿಗಳ ಮೈಕಾವನ್ನೂ ಅವುಗಳ ಮರಿಗಳ ರಕ್ತವನ್ನೂ ಬೇಸಿಗೆ ಮತ್ತು ಚಳಿಗಾಲಗಳಲ್ಲಿ ಅಳೆದು ಹೋಲಿಸುವುದಕ್ಕೆ ದೊಡ್ಡ ಯಂತ್ರಗಳು ಬೇಡ. ಒಂದು ಉಷ್ಣಮಾಪಕ, ಒಂದು ಸೂಕ್ಷ್ಮದರ್ಶಕ, ಕಣಗಳನ್ನು ಎಣಿಸುವ ಗಾಜು, ಮತ್ತು ತಾಳ್ಮೆಯುಳ್ಳ ವಿದ್ಯಾರ್ಥಿ ಇದ್ದರೆ ಸಾಕು. ಆ ಕೆಲಸಕ್ಕೆ ಸೇಡಂ, ಚಿತ್ತಾಪುರಗಳ ಕಾಲೇಜುಗಳಿಗಿಂತ ತಕ್ಕ ಸ್ಥಳ ಮತ್ತೊಂದು ಸಿಕ್ಕುವುದು ಕಷ್ಟ.